ಕಂಡಕ್ಟರ್ ಕೆಂಚೇಶ್ ಬಿಚ್ಚಿದ ಮಿಕ್ಸಿ

ಪಕ್ಕದ ಮನೆಯ ಕೆಂಚೇಶ್ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡನೆಂದರೆ ನಾನು ಮೊದಲು ಹೋಗಿ ನಮ್ಮ ಮನೆಯ ಮೇನ್ ಸ್ವಿಚ್ ಆರಿಸಿ ಬರುತ್ತೇನೆ. ನಮ್ಮಿಬ್ಬರ ಮನೆಗಳ ನಡುವೆ ಇರುವುದು ಒಂದೇ ಗೋಡೆ. ಅದರೊಳಗೆ ಯಾವ ವೈರು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂಬುದು ಕಟ್ಟಿಸಿದವರಿಗೇ ತಿಳಿಯದು. ಕೆಂಚೇಶನಿಗೆ ಮಾತ್ರ ತಿಳಿದಿದೆಯಂತೆ.

ಇಷ್ಟು ಹೇಳಿದ್ದಕ್ಕೆ ಅವನನ್ನು ಕೈಲಾಗದವನು ಎಂದುಕೊಳ್ಳಬೇಡಿ. ಅವನು ಚನ್ನಗಿರಿಯಿಂದ ಸಾಸ್ವೆಹಳ್ಳಿ, ಹೊನ್ನಾಳಿ ದಾಟಿ ನ್ಯಾಮತಿಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್. ಆ ಕೆಲಸದಲ್ಲಿ ಅವನಷ್ಟು ಚೊಕ್ಕ ಮನುಷ್ಯನನ್ನು ನಾನು ಕಂಡಿಲ್ಲ. ಯಾವ ಅಜ್ಜಿ ಯಾವ ಹುಣಸೆಮರದ ಹತ್ತಿರ ಇಳಿಯುತ್ತಾಳೆ, ಯಾವ ಮೇಷ್ಟ್ರಿಗೆ ಕಿಟಕಿ ಪಕ್ಕದ ಸೀಟೇ ಬೇಕು ಎಲ್ಲವೂ ಅವನ ತಲೆಯಲ್ಲಿದೆ. ತೊಂದರೆ ಶುರುವಾಗುವುದು ಅವನು ಬಸ್ಸಿನಿಂದ ಇಳಿದು ಮನೆಗೆ ಬಂದ ಮೇಲೆ.

ಅವನ ಹತ್ತಿರ ಒಂದು ಕಬ್ಬಿಣದ ಡಬ್ಬಿಯಿದೆ. ಹೊನ್ನಾಳಿ ಸಂತೆಯಲ್ಲಿ ಕೊಂಡದ್ದು. ಅದರಲ್ಲಿ ಒಂದು ಟೆಸ್ಟರ್, ಮೂರು ಸ್ಕ್ರೂಡ್ರೈವರ್, ಒಂದು ಇಕ್ಕಳ, ಕಪ್ಪು ಟೇಪು, ಮತ್ತು ಒಂದು ಹಳೆಯ ಪೌಡರ್ ಡಬ್ಬದ ತುಂಬ ಸ್ಕ್ರೂಗಳು. ಈ ಸ್ಕ್ರೂಗಳನ್ನು ಅವನು ಎಲ್ಲೂ ಕೊಂಡದ್ದಲ್ಲ. ಏನನ್ನೇ ಬಿಚ್ಚಿ ಮತ್ತೆ ಜೋಡಿಸಿದರೂ ಅವನಿಗೆ ಒಂದು ಸ್ಕ್ರೂ ಉಳಿಯುತ್ತದೆ. "ಕಂಪನಿಯೋರು ಹೆಚ್ಚಿಗೆ ಹಾಕಿರ್ತಾರೆ ಉಷಕ್ಕ" ಎಂದು ನನಗೇ ಹೇಳಿದ್ದಾನೆ. ಅವನು ಸರಿ ಮಾಡಿದ ನಡುಮನೆಯ ಫ್ಯಾನು ಉಲ್ಟಾ ತಿರುಗಿ ಎಂಟು ತಿಂಗಳಿಂದ ಸೂರಿಗೆ ಗಾಳಿ ಹಾಕುತ್ತಿದೆ. ಬಚ್ಚಲಿನ ನಲ್ಲಿ ಸರಿ ಮಾಡಿದಾಗ ಮೂರು ದಿನ ನೀರು ನಿಲ್ಲಲಿಲ್ಲ. ನನ್ನ ಇಸ್ತ್ರಿಪೆಟ್ಟಿಗೆಯನ್ನು ಒಂದು ಸಲ ನಂಬಿ ಕೊಟ್ಟಿದ್ದೆ. ವಾಪಸ್ ಬಂದಾಗ ತಳ ತಣ್ಣಗಿತ್ತು, ಹಿಡಿ ಸುಡುತ್ತಿತ್ತು. ನಾನು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವವಳು, ಮೂಗಿನ ತುದಿಯಲ್ಲೇ ಸಿಟ್ಟು ಇರುವವಳು. ಅಂದು ಬಯ್ಯುವುದಕ್ಕೆಂದೇ ಅವರ ಮನೆಗೆ ಹೋದೆ. ಅವನು ನನ್ನನ್ನು ನೋಡಿ ಎಷ್ಟು ಆಸೆಯಿಂದ "ಹೆಂಗೈತೆ ಅಕ್ಕ?" ಎಂದನೆಂದರೆ, "ಚೆನ್ನಾಗಿದೆಯಪ್ಪ" ಎಂದು ಹೇಳಿ ಮರುದಿನ ಹೊಸದು ಕೊಂಡುಕೊಂಡೆ.

ಕೆಂಚೇಶ್ ಮನೆ ಅಳಿಯ. ಹುಟ್ಟಿದ್ದು ಜಗಳೂರಿನ ಕಡೆ. ಮದುವೆಯಾದಾಗ ಹೆಂಡತಿ ಜ್ಯೋತಿಲಕ್ಷ್ಮಿಗೆ ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಕೆಲಸವಿತ್ತು. ಅವಳ ತಾಯಿ ಉಡಚಮ್ಮ ಒಬ್ಬರೇ ಇದ್ದರು. ಹಾಗಾಗಿ ಅವನೇ ಒಂದು ಟ್ರಂಕು ಹಿಡಿದುಕೊಂಡು ಬಂದ. ಬಂದು ಹದಿನೆಂಟು ವರ್ಷವಾಯಿತು. ಮಗಳು ರಕ್ಷಾ ಈಗ ದಾವಣಗೆರೆಯ ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ.

ಈ ಹದಿನೆಂಟು ವರ್ಷದಲ್ಲಿ ಉಡಚಮ್ಮ ಅಳಿಯನ ಜೊತೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಜಗಳವೇನೂ ಇಲ್ಲ. ಅವರ ಕಡೆ ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುವ ಪದ್ಧತಿಯಿಲ್ಲ, ಅಷ್ಟೇ. ಬೇರೆ ಊರಲ್ಲಿದ್ದು ವರ್ಷಕ್ಕೊಮ್ಮೆ ಬಂದು ಹೋಗುವ ಅಳಿಯನಿಗೆ ಇದು ಸರಿ. ಒಂದೇ ಸೂರಿನ ಕೆಳಗೆ, ಒಂದೇ ಬಚ್ಚಲಿಗೆ ಕಾಯುವ ಅಳಿಯನ ಜೊತೆ ಹೇಗೆ? ಮೊದಮೊದಲು ಮಗಳ ಮೂಲಕ ಮಾತು ನಡೆಯಿತಂತೆ. ರಕ್ಷಾ ದೊಡ್ಡವಳಾದ ಮೇಲೆ ಆ ಕೆಲಸ ಅವಳಿಗೆ ಬಂತು. ಅವಳು ಹಾಸ್ಟೆಲಿಗೆ ಹೋದಳು, ಜ್ಯೋತಿಲಕ್ಷ್ಮಿಗೆ ಒಂದು ದಿನ ಹಗಲು ಪಾಳಿ, ಒಂದು ದಿನ ರಾತ್ರಿ ಪಾಳಿ. ಕೊನೆಗೆ ಉಡಚಮ್ಮ ಅಡುಗೆಮನೆಯ ಬಾಗಿಲಿನ ಜೊತೆ ಮಾತಾಡತೊಡಗಿದರು. "ಬಾಗಿಲೇ, ರೊಟ್ಟಿ ತಣ್ಣಗಾಗ್ತೈತೆ ಅಂತ ಹೇಳು." ಕೆಂಚೇಶ್ ಗೋಡೆಗಡಿಯಾರದ ಜೊತೆ ಮಾತಾಡತೊಡಗಿದ. "ಗಡಿಯಾರ, ಕೈಕಾಲು ತೊಳ್ಕೊಂಡು ಬಂದೆ ಅಂತ ಹೇಳು." ನಾನು ಈ ಪಕ್ಕದ ಮನೆಗೆ ಬಂದು ಹನ್ನೆರಡು ವರ್ಷ. ಮೊದಲ ಬಾರಿ ಇದನ್ನು ಕೇಳಿಸಿಕೊಂಡಾಗ, ಇವರಿಗೇನೋ ಆಗಿದೆ ಎಂದು ಹೆದರಿದ್ದೆ. ಈಗ ನನಗೂ ಅಭ್ಯಾಸವಾಗಿದೆ.

ಮಿಕ್ಸಿಯ ವಿಷಯಕ್ಕೆ ಬರುತ್ತೇನೆ. ಆ ಮಿಕ್ಸಿ ಉಡಚಮ್ಮನದು. ಮೂವತ್ತು ವರ್ಷ ಅವರು ಅಡಿಕೆ ಸುಲಿಯಲು ಹೋದವರು. ಮೆಟ್ಟುಗತ್ತಿಯ ಮುಂದೆ ಬೆಳಗ್ಗೆ ಕೂತರೆ ಸಂಜೆಗೆ ಏಳುತ್ತಿದ್ದರು. ಬೆರಳ ತುದಿಗಳು ಈಗಲೂ ಕಪ್ಪಾಗಿಯೇ ಇವೆ. ಮಗಳ ಮದುವೆಯ ಹಿಂದಿನ ಸುಗ್ಗಿಯಲ್ಲಿ ದುಡಿದು ಈ ಮಿಕ್ಸಿ ತಂದು, "ಅಳಿಯಂಗೆ ಉಂಗುರ ಹಾಕಾಕೆ ಆಗ್ಲಿಲ್ಲ, ಇದಾದ್ರೂ ಇರ್ಲಿ ಅಂತ ಹೇಳು" ಎಂದು ಯಾರಿಗೋ ಹೇಳಿ ಕಳಿಸಿದ್ದರಂತೆ. ಅಂದಿನಿಂದ ಅದು ಚಟ್ನಿ, ಮಸಾಲೆ, ಹಿಟ್ಟು ಎಲ್ಲವನ್ನೂ ರುಬ್ಬಿದೆ. ಮೂರು ಜಾರುಗಳಲ್ಲಿ ಈಗ ಉಳಿದಿರುವುದು ಚಿಕ್ಕದೊಂದೇ. ನಡುವಿನದು ಒಡೆದು ಹೋಯಿತು. ದೊಡ್ಡದರ ಹಿಡಿ ಮುರಿದು, ಈಗ ಹೂವಿನ ಗಿಡಕ್ಕೆ ನೀರು ಹಾಕುವ ಚೊಂಬಾಗಿದೆ. ಹಿಡಿ ಗಟ್ಟಿ ಮಾಡಲು ಹೊರಟವರು ಯಾರೆಂದು ನಾನು ಹೇಳಬೇಕಾಗಿಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡಬೇಕು. ಉಡಚಮ್ಮನಿಗೆ ಎಲೆಅಡಿಕೆ ಎಂದರೆ ಪ್ರಾಣ. ಬಾಯಲ್ಲಿ ಒಂದು ಹಲ್ಲೂ ಇಲ್ಲದ್ದರಿಂದ ಪುಟ್ಟ ಕಬ್ಬಿಣದ ಕುಟ್ಟಾಣಿಯಲ್ಲಿ ಟಕ್ ಟಕ್ ಎಂದು ಕುಟ್ಟಿ ಹಾಕಿಕೊಳ್ಳುತ್ತಿದ್ದರು. ಈ ಯುಗಾದಿಯ ಹೊತ್ತಿಗೆ ಅವರ ಕೆನ್ನೆಯ ಒಳಗೆ ಒಂದು ಬಿಳಿ ಮಚ್ಚೆ ಕಂಡಿತು. ಡಾಕ್ಟರು ನೋಡಿ, ಇನ್ನು ಅಡಿಕೆ ಮುಟ್ಟಲೇಬಾರದು ಎಂದರು. ಜ್ಯೋತಿಲಕ್ಷ್ಮಿ ಅಂದೇ ಕುಟ್ಟಾಣಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಉಡಚಮ್ಮ ಹಬ್ಬಕ್ಕೆ ಬಂದಿದ್ದ ಮೊಮ್ಮಗಳ ತಲೆ ಮುಟ್ಟಿ, ಇನ್ನು ಅಡಿಕೆ ಹಾಕಲ್ಲ ಎಂದು ಆಣೆ ಮಾಡಿದರು. ಸೊಂಟದಲ್ಲಿ ಬಟ್ಟೆಯ ಸಂಚಿ ಮಾತ್ರ ಉಳಿಯಿತು. ಅದರಲ್ಲಿ ಬರೀ ಎಲೆ, ಸುಣ್ಣ ಇದೆ ಎಂದು ಎಲ್ಲರೂ ನಂಬಿದ್ದೆವು. ಮಂಗಳವಾರ ಮಂಗಳವಾರ ಅವರು ಕಾಂಪೌಂಡಿನ ಹತ್ತಿರ ಬಂದು "ಟೀಚರಮ್ಮ, ದೇವ್ರ ಮುಂದೆ ಇಡಾಕೆ ನಾಕು ಅಡಿಕೆ ಇದ್ರೆ ಕೊಡ್ರಿ" ಎನ್ನುತ್ತಿದ್ದರು. ದೇವರ ಕೆಲಸವಲ್ಲವೇ ಎಂದು ನಾನೂ ಕೊಡುತ್ತಿದ್ದೆ.

ದಸರಾ ರಜೆಯ ಆ ಭಾನುವಾರ ಬೆಳಗ್ಗೆ ಜ್ಯೋತಿಲಕ್ಷ್ಮಿ ದೋಸೆಗೆ ಶೇಂಗಾ ಚಟ್ನಿ ರುಬ್ಬಲು ಮಿಕ್ಸಿ ಹಾಕಿದಳು. ಅದು ಗುಂಯ್ ಎಂದಿತು, ತಿರುಗಲಿಲ್ಲ. ಸುಟ್ಟ ವಾಸನೆ ಬಂತು. ಆಮೇಲೆ ಗುಂಯ್ ಎನ್ನುವುದನ್ನೂ ನಿಲ್ಲಿಸಿತು. ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಕೊಟ್ಟು ಬರ್ರಿ ಎಂದು ಅವಳು ಹೇಳಿ ಮುಗಿಸುವ ಮೊದಲೇ ಕೆಂಚೇಶ್ ಡಬ್ಬಿ ತಂದು ಮುಂದಿಟ್ಟಿದ್ದ.

"ಅಂಗಡಿಗೆ ಯಾಕೆ, ನಾನಿಲ್ಲೇನು" ಎಂದ.

ಜ್ಯೋತಿಲಕ್ಷ್ಮಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಹಟ ಮಾಡುವ ಪೇಷಂಟುಗಳನ್ನು ನೋಡುವ ಹಾಗೆ ಗಂಡನನ್ನು ನೋಡಿದಳು. "ನೋಡ್ರಿ, ಬುಧವಾರ ಆಯುಧ ಪೂಜೆ. ಅಷ್ಟರೊಳಗೆ ಇದನ್ನ ನೆಟ್ಟಗೆ ಮಾಡಿದ್ರೆ ನಿಮ್ಮ ಡಬ್ಬೀನೂ ಪೂಜೆಗೆ ಇಡ್ತೀನಿ. ಮಾಡ್ಲಿಲ್ಲಾಂದ್ರೆ ಡಬ್ಬಿ ಗುಜರಿಗೆ. ಹೊರಗ್ ಬಂದು ಕೇಳಿಸ್ಕೊಳ್ರಿ ಉಷಕ್ಕ, ನೀವೇ ಸಾಕ್ಷಿ."

ನಾನು ಆಗಲೇ ಮೇನ್ ಸ್ವಿಚ್ ಆರಿಸಿ ಅವರ ಅಂಗಳಕ್ಕೆ ಬಂದಿದ್ದೆ.

ಕೆಂಚೇಶ್ ಶಾಸ್ತ್ರೋಕ್ತವಾಗಿಯೇ ಶುರು ಮಾಡಿದ. ಪ್ಲಗ್ಗಿನ ಜಾಗಕ್ಕೆ ಟೆಸ್ಟರ್ ಇಟ್ಟ, ಅದು ಹೊತ್ತಿಕೊಂಡಿತು. ಮಿಕ್ಸಿಯನ್ನು ಬೋರಲು ಹಾಕಿದ. ತಳದಲ್ಲೊಂದು ಕೆಂಪು ಗುಂಡಿಯಿರುತ್ತದೆ, ಮೋಟರಿಗೆ ಭಾರ ಹೆಚ್ಚಾದರೆ ತಾನೇ ಹೊರಗೆ ಬಂದು ಕರೆಂಟು ತಪ್ಪಿಸುತ್ತದೆ. ಅದನ್ನು ಒತ್ತಿದ. ಮಿಕ್ಸಿ ಮತ್ತೆ ಗುಂಯ್ ಎಂದಿತು, ಮತ್ತೆ ನಿಂತಿತು. ಅಲ್ಲಿಗೆ ಅವನ ತಾಳ್ಮೆ ಮುಗಿಯಿತು. ಐದು ನಿಮಿಷದಲ್ಲಿ ಮಿಕ್ಸಿಯ ಹೊಟ್ಟೆ ಬಿಚ್ಚಿ ನೆಲದ ಮೇಲೆ ಹರಡಿದ್ದ.

ಸ್ಕ್ರೂಗಳು ಕಳೆಯಬಾರದೆಂದು ಈ ಸಲ ಒಂದು ಉಪಾಯ ಮಾಡಿದ. ಕಂಡಕ್ಟರ್ ಬ್ಯಾಗು ತಂದು ಹತ್ತರ ನೋಟಿನ ಖಾನೆಯಲ್ಲಿ ಉದ್ದ ಸ್ಕ್ರೂ, ಇಪ್ಪತ್ತರ ಖಾನೆಯಲ್ಲಿ ಗಿಡ್ಡ ಸ್ಕ್ರೂ, ಚಿಲ್ಲರೆ ಖಾನೆಯಲ್ಲಿ ವಾಷರುಗಳನ್ನು ಹಾಕಿಟ್ಟ. ಉಪಾಯ ಚೆನ್ನಾಗಿತ್ತು. ಸೋಮವಾರ ಬೆಳಗ್ಗೆ ಅದೇ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಡ್ಯೂಟಿಗೆ ಹೋದ. ಸಾಸ್ವೆಹಳ್ಳಿಯಲ್ಲಿ ಇಳಿದವರೊಬ್ಬರು ಚಿಲ್ಲರೆಯ ಜೊತೆ ಬಂದ ಎರಡು ವಾಷರುಗಳನ್ನು ಹಿಡಿದುಕೊಂಡು ಬಸ್ಸಿನ ಹಿಂದೆ ಓಡಿದರಂತೆ.

ಆ ನೆಪದಲ್ಲಿ ಮಿಕ್ಸಿಯ ಸುದ್ದಿ ಬಸ್ಸಿಗೆಲ್ಲ ಗೊತ್ತಾಯಿತು. ನಮ್ಮ ಕಡೆಯ ಬಸ್ಸಿನಲ್ಲಿ ಒಬ್ಬನ ಕಷ್ಟ ಹೊರಗೆ ಬಿದ್ದರೆ ಸಾಕು, ಕೊನೆಯ ಸೀಟಿನವರೂ ಎದ್ದು ಬಂದು ಔಷಧಿ ಹೇಳುತ್ತಾರೆ. ಒಬ್ಬರು ವೈಂಡಿಂಗ್ ಸುಟ್ಟಿದೆ ಎಂದರು. ಒಬ್ಬರು ಕರೆಂಟೇ ಸಾಲುತ್ತಿಲ್ಲ ಎಂದರು. ಡ್ರೈವರ್ ಜುಂಜಪ್ಪ ಸ್ಟೀರಿಂಗ್ ಬಿಡದೆ, ಕಣ್ಣು ರಸ್ತೆಯಿಂದ ತೆಗೆಯದೆ, "ಕಾರ್ಬನ್ ಹೋಗೈತೆ, ಬರ್ಕೊ" ಎಂದ. ಕಾರ್ಬನ್ ಎಂದರೆ ಮೋಟರಿನ ಒಳಗೆ ಎರಡು ಕಡೆ ಒತ್ತಿಕೊಂಡು ನಿಲ್ಲುವ ಕಪ್ಪು ಬಿಲ್ಲೆ, ಸವೆದರೆ ಬದಲಿಸಬೇಕು. ಜುಂಜಪ್ಪನ ಮಾತಿನ ಮೇಲೆ ಕೆಂಚೇಶನಿಗೆ ಬಹಳ ನಂಬಿಕೆ. ಹೊನ್ನಾಳಿಯಲ್ಲಿ ಬಸ್ಸು ನಿಂತ ಹತ್ತು ನಿಮಿಷದಲ್ಲಿ ಓಡಿಹೋಗಿ ಎರಡು ಕಾರ್ಬನ್ ತಂದ. ಸಂಜೆ ಹಾಕಿದ. ಮಿಕ್ಸಿ ಹೊಸ ಕಾರ್ಬನ್ನಿನಲ್ಲಿ ಮೊದಲಿಗಿಂತ ಗಟ್ಟಿಯಾಗಿ ಗುಂಯ್ ಎಂದಿತು, ತಿರುಗಲಿಲ್ಲ.

ಅಡುಗೆಮನೆಯಿಂದ ಉಡಚಮ್ಮನ ದನಿ ಕೇಳಿಸಿತು. "ಬಾಗಿಲೇ, ಅದನ್ನ ಬಿಚ್ಚಿದ್ದು ಸಾಕು ಅಂತ ಹೇಳು. ಹಳೇದಾತು. ಗುಜರಿಗೆ ಹಾಕಿ ಹೊಸದು ತರ್ಲಿ."

ಕೆಂಚೇಶನ ಕೈ ನಿಂತಿತು. ಆ ಮಿಕ್ಸಿಯ ಮೇಲೆ ಧೂಳು ಕೂತರೆ ಸೆರಗಿನಲ್ಲಿ ಒರೆಸುವವರು ಅವರು. ಅಂಥವರೇ ಗುಜರಿಗೆ ಹಾಕು ಎನ್ನಬೇಕಾದರೆ ಅಳಿಯನ ಮೇಲಿನ ನಂಬಿಕೆ ಪೂರ್ತಿ ಹೋಗಿರಬೇಕು ಎಂದು ಅವನು ತಿಳಿದ. ನನಗೂ ಹಾಗೆಯೇ ಅನ್ನಿಸಿತು.

"ಗಡಿಯಾರ, ಅದು ಅವ್ರು ಅಡಿಕೆ ಸುಲಿದು ತಂದಿದ್ದು ಅಂತ ಹೇಳು. ಗುಜರಿಗೆ ಹಾಕಾಕೆ ನನಗೆ ಮನಸ್ಸಿಲ್ಲ" ಎಂದ.

ಬಾಗಿಲಿನ ಆಚೆ ಪಾತ್ರೆಗಳ ಸದ್ದು ಶುರುವಾಯಿತು.

ಸ್ವಲ್ಪ ಹೊತ್ತಾದ ಮೇಲೆ ಅವನು ಕಾಂಪೌಂಡಿನ ಹತ್ತಿರ ಬಂದು ನಿಂತ. ನಾನು ತಮಾಷೆ ಮಾಡಲೆಂದು ಬಾಯಿ ತೆರೆದವಳು ಅವನ ಮುಖ ನೋಡಿ ಕೈಯಲ್ಲಿದ್ದ ಪೊರಕೆಯನ್ನು ಕೆಳಗಿಟ್ಟೆ.

"ಉಷಕ್ಕ, ಈ ಮನೆಗೆ ಬರುವಾಗ ನಾನು ತಂದಿದ್ದು ಒಂದು ಟ್ರಂಕು. ಮಲಗೋ ಮಂಚ ಅವ್ರದ್ದು, ಉಣ್ಣೋ ತಟ್ಟೆ ಅವ್ರದ್ದು. ಯಾರೂ ಒಂದಿನ ಏನೂ ಅಂದಿಲ್ಲ. ಆದ್ರೂ ಹದಿನೆಂಟು ವರ್ಷದಿಂದ ನೆಂಟರ ಮನೆಯಾಗೆ ಇದ್ದಂಗೈತೆ ನನಗೆ. ನನ್ನ ಕೈಯಾರೆ ಏನಾರ ಒಂದು ನೆಟ್ಟಗೆ ಮಾಡಿಟ್ರೆ, ಇದು ನನ್ನ ಮನೆನೂ ಹೌದು ಅಂತ ಅನ್ನಿಸ್ಬೋದು ಅಂತ ಮಾಡ್ತೀನಿ. ಆಗೋದೇ ಇಲ್ಲ."

ಆ ಫ್ಯಾನು, ಆ ನಲ್ಲಿ, ಆ ಇಸ್ತ್ರಿಪೆಟ್ಟಿಗೆ ಎಲ್ಲ ಒಮ್ಮೆಲೇ ನನ್ನ ಕಣ್ಣ ಮುಂದೆ ಬಂದವು. ಇಷ್ಟು ವರ್ಷ ನಾನು ಅವನನ್ನು ನೋಡಿ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು. "ನಾಳೆ ಒಂದು ದಿನ ಇದೆಯಲ್ಲ" ಎಂದಷ್ಟೇ ಹೇಳಿದೆ.

ಮಂಗಳವಾರ ಬೆಳಗಿನ ಟ್ರಿಪ್ಪಿನಲ್ಲಿ ಬಸ್ಸಿನಲ್ಲಿ ಮತ್ತೆ ಅದೇ ಚರ್ಚೆ. ಸಾಸ್ವೆಹಳ್ಳಿಯಲ್ಲಿ ಹತ್ತುವ ದುರುಗಮ್ಮ ಎಂಬ ಹೆಂಗಸು, ಕರಿಬೇವಿನ ಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡು ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ. ಇಳಿಯುವ ಮೊದಲು ಕೇಳಿದಳಂತೆ, "ಜಾರು ತೆಗೆದು ಬರೀ ಮಿಷಿನ್ ಹಾಕಿ ನೋಡಿದ್ರೇನಪ್ಪ?"

ಕೆಂಚೇಶ್ ಸೀಟಿ ಊದುವುದನ್ನು ಮರೆತು ನಿಂತುಬಿಟ್ಟ. ಜುಂಜಪ್ಪ ಹಾರ್ನ್ ಹೊಡೆದು ಅವನನ್ನು ಎಚ್ಚರಿಸಬೇಕಾಯಿತು. ಭಾನುವಾರದಿಂದ ಅವನು ಮೋಟರನ್ನು ಬಿಚ್ಚಿದ್ದ, ಕಟ್ಟಿದ್ದ, ಕಾರ್ಬನ್ ಬದಲಿಸಿದ್ದ. ಜಾರನ್ನು ತೆಗೆದು ಬದಿಗಿಟ್ಟು ಸ್ವಿಚ್ ಹಾಕಿ ನೋಡಿರಲಿಲ್ಲ. ಪ್ರತಿ ಸಲವೂ ಚಟ್ನಿ ಆಗುತ್ತದೋ ಇಲ್ಲವೋ ನೋಡುವ ಆತುರದಲ್ಲಿ ಜಾರು ಹಾಕಿಯೇ ನೋಡಿದ್ದ.

ಮರುದಿನದ ಪೂಜೆಗೆ ಬಸ್ಸನ್ನು ತೊಳೆಯಬೇಕೆಂದು ಮಾಲೀಕರು ಮಧ್ಯಾಹ್ನದ ಟ್ರಿಪ್ಪು ನಿಲ್ಲಿಸಿದ್ದರು. ಕೆಂಚೇಶ್ ಒಂದು ಗಂಟೆಗೆ ಮನೆಗೆ ಓಡಿ ಬಂದ. ಬರುವಾಗಲೇ "ಉಷಕ್ಕ, ಬರ್ರಿ ಇಲ್ಲಿ" ಎಂದು ಕರೆದ. ನಾನು ಹೋದೆ. ಮೇನ್ ಸ್ವಿಚ್ ಆರಿಸುವುದನ್ನು ಅಂದು ಮರೆತೆ.

ಜಾರು ತೆಗೆದು ಸ್ವಿಚ್ ತಿರುಗಿಸಿದ. ಮಿಕ್ಸಿ ಭರ್ರೆಂದು ತಿರುಗಿತು. ಮೂರು ದಿನದಿಂದ ಬಾಯಿ ಕಟ್ಟಿಕೊಂಡಿದ್ದದ್ದು ಒಂದೇ ಸಲಕ್ಕೆ ಅಷ್ಟು ಗಟ್ಟಿಯಾಗಿ ಕೂಗಿತು. ಕೆಂಚೇಶ್ ನನ್ನ ಕಡೆ ನೋಡಿದ. ಅವನ ಕಣ್ಣಲ್ಲಿ ನೀರು ಬಂದಿತ್ತು ಎಂದರೆ ಅವನು ಒಪ್ಪುವುದಿಲ್ಲ, ಆದರೆ ಬಂದಿತ್ತು.

"ಮೋಟರಿಗೆ ಏನೂ ಆಗಿಲ್ಲ ಅಕ್ಕ. ಜಾರಿನಾಗೆ ಐತೆ ತೊಂದರೆ."

ಜಾರಿನ ಬ್ಲೇಡನ್ನು ಬೆರಳಲ್ಲಿ ತಿರುಗಿಸಲು ನೋಡಿದ, ಅಲ್ಲಾಡಲಿಲ್ಲ. ತಳದ ತಿರುಗಣೆಯನ್ನು ಇಕ್ಕಳದಲ್ಲಿ ಹಿಡಿಯಲು ನನಗೆ ಕೊಟ್ಟು, ಮೇಲಿನ ಬ್ಲೇಡು ಬಿಚ್ಚಲು ಕೂತ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಸೆರಗಿನ ತುದಿ ಕಾಣಿಸಿತು.

"ಬಾಗಿಲೇ, ಜಾರು ಬಿಚ್ಚಬ್ಯಾಡ್ರಿ ಅಂತ ಹೇಳು. ಹೊಸ ಜಾರು ಸಿಗ್ತೈತೆ."

"ಗಡಿಯಾರ, ಒಂದೇ ನಿಮಿಷ ಅಂತ ಹೇಳು" ಎಂದ ಕೆಂಚೇಶ್ ತಲೆಯೆತ್ತದೆ.

ಬ್ಲೇಡಿನ ತಿರುಪು ಉಲ್ಟಾ ಇರುತ್ತದೆ. ಅದನ್ನು ತಿಳಿಯದೆ ಹತ್ತು ನಿಮಿಷ ಇಬ್ಬರೂ ಸೇರಿ ಅದನ್ನು ಇನ್ನಷ್ಟು ಬಿಗಿ ಮಾಡಿದೆವು. ನನಗೆ ಸಿಟ್ಟು ಬಂದು "ಆ ಕಡೆಗೆ ತಿರುಗಿಸೋ ಮಾರಾಯ" ಎಂದೆ. ತಿರುಗಿಸಿದ. ಬ್ಲೇಡು ಸಡಿಲವಾಗಿ ಮೇಲೆ ಬಂತು.

ಮೊದಲು ಬಂದದ್ದು ವಾಸನೆ. ಚನ್ನಗಿರಿಯಲ್ಲಿ ಹುಟ್ಟಿ ಬೆಳೆದವರು ಆ ವಾಸನೆಯನ್ನು ಕಣ್ಣು ಮುಚ್ಚಿಕೊಂಡು ಹೇಳುತ್ತಾರೆ. ಬ್ಲೇಡಿನ ಕೆಳಗೆ, ಜಾರಿನ ತಳಕ್ಕೂ ಅದಕ್ಕೂ ನಡುವೆ, ಒಂದು ಕೆಂಪು ಅಡಿಕೆಯ ಹೋಳು ಬೆಣೆ ಹೊಡೆದ ಹಾಗೆ ಕೂತಿತ್ತು. ಸುತ್ತ ಅಡಿಕೆ ಪುಡಿ ನೀರು ಕುಡಿದು, ಊದಿ, ಒಣಗಿ ಗಾರೆಯಂತೆ ಗಟ್ಟಿಯಾಗಿತ್ತು.

ಬೆಳಗ್ಗೆ ಹನ್ನೊಂದರ ಹೊತ್ತಿಗೆ ಅವರ ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ ಗೋಡೆಯಾಚೆಯಿಂದ ಭರ್ ಎಂಬ ಸದ್ದು ನನಗೆ ರಜೆಯ ದಿನಗಳಲ್ಲಿ ಕೇಳಿಸುತ್ತಿತ್ತು. ಕುಟ್ಟಾಣಿಯ ಟಕ್ ಟಕ್ ಆಗಿದ್ದರೆ ಬೀದಿಗೇ ಗೊತ್ತಾಗುತ್ತಿತ್ತು. ಮಿಕ್ಸಿಯ ಸದ್ದಿಗೆ, ಪಾಪ, ಅಜ್ಜಿ ಚಟ್ನಿ ಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡಿದ್ದೆ. ಆ ಹೋಳು ದೇವರ ಮುಂದಿಡಲು ನಾನೇ ಕೊಟ್ಟ ಅಡಿಕೆಯದು. ಮೂವತ್ತು ವರ್ಷ ಅಡಿಕೆ ಸುಲಿದವರು ಅಡಿಕೆಯ ಗಟ್ಟಿತನವನ್ನು ಇಷ್ಟು ಕಡಿಮೆ ಅಂದಾಜು ಮಾಡಬಹುದೇ ಎಂದು ಬಯ್ಯಬೇಕೆನ್ನಿಸಿತು. ತಿರುಗಿ ನೋಡಿದೆ. ಉಡಚಮ್ಮ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನಿಂತಿದ್ದರು. ಮೊಮ್ಮಗಳ ತಲೆ ಮುಟ್ಟಿ ಆಣೆ ಮಾಡಿದ ಕೈ ಅದು. ಬಯ್ಯುವುದನ್ನು ಬಿಟ್ಟು ಜಾರಿನ ಕಡೆ ತಿರುಗಿದೆ.

ಕೆಂಚೇಶ್ ಆ ಹೋಳನ್ನು ಸ್ಕ್ರೂಡ್ರೈವರ್ ತುದಿಯಿಂದ ಎಬ್ಬಿಸಿ ತೆಗೆದ. ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದ. ಹದಿನೆಂಟು ವರ್ಷದಲ್ಲಿ ಮೊದಲ ಬಾರಿ ಅವನು ಒಂದು ರೋಗವನ್ನು ಸರಿಯಾಗಿ ಹಿಡಿದಿದ್ದ, ಸಾಕ್ಷಿ ಕೈಯಲ್ಲೇ ಇತ್ತು. ಆಮೇಲೆ ಮುಷ್ಟಿ ಮುಚ್ಚಿ ಅದನ್ನು ಖಾಕಿ ಅಂಗಿಯ ಜೇಬಿಗೆ ಹಾಕಿಕೊಂಡ. ಬಚ್ಚಲಿನಿಂದ ಬಿಸಿನೀರು ತಂದು ಜಾರನ್ನು ಹಳೇ ಬ್ರಷ್ಷಿನಿಂದ ಮೂರು ಸಲ ಉಜ್ಜಿದ. ಬ್ಲೇಡು ಹಾಕಿ ಬಿಗಿ ಮಾಡಿದ. ಗೋಡೆಯ ಕಡೆ ಮುಖ ಮಾಡಿ ಮೆಲ್ಲಗೆ ಹೇಳಿದ, "ಗಡಿಯಾರ, ಮಿಕ್ಸಿ ಕೆಟ್ರೆ ಕಾರ್ಬನ್ ಸಿಗ್ತೈತೆ, ಜಾರು ಸಿಗ್ತೈತೆ. ಬಾಯಿ ಕೆಟ್ರೆ ಸಾಮಾನು ಹೊನ್ನಾಳಿಯಾಗೂ ಸಿಗಲ್ಲ, ನ್ಯಾಮತಿಯಾಗೂ ಸಿಗಲ್ಲ ಅಂತ ಹೇಳು."

ಎರಡೂವರೆಗೆ ಪಾಳಿ ಮುಗಿಸಿ ಜ್ಯೋತಿಲಕ್ಷ್ಮಿ ಬಂದಳು. ಕೆಂಚೇಶ್ ಶೇಂಗಾ ಹಾಕಿ ಮಿಕ್ಸಿ ತಿರುಗಿಸಿ ತೋರಿಸಿದ. ಅವಳ ಮುಖ ಅರಳಿತು. "ಅಂತೂ ಮಾಡಿದ್ರಲ್ಲ. ಏನಾಗಿತ್ತು?"

ಕೆಂಚೇಶ್ ಪೌಡರ್ ಡಬ್ಬಕ್ಕೆ ಕೈ ಹಾಕಿ ಒಂದು ಸ್ಕ್ರೂ ತೆಗೆದು ತೋರಿಸಿದ. "ಹೋದ ತಿಂಗಳು ಜಾರಿಗೆ ವಾಷರ್ ಹಾಕುವಾಗ ಇದು ಒಳಗೆ ಬಿದ್ದಿತ್ತು ಅಂತ ಕಾಣ್ತೈತೆ. ನಂದೇ ತಪ್ಪು."

ನಾನು ಬಾಯಿ ತೆರೆದೆ. ಅವನು ನನ್ನನ್ನು ನೋಡಿದ. ಮುಚ್ಚಿಕೊಂಡೆ. ಅವನ ಮೇಲೆ ಸಿಟ್ಟೂ ಬಂತು. ನಾನು ಕೊಟ್ಟ ಅಡಿಕೆಯ ಮಾತು ಹೊರಗೆ ಬರಲಿಲ್ಲವಲ್ಲ ಎಂದು ಒಳಗೊಳಗೇ ಸಮಾಧಾನವೂ ಆಯಿತು ಎಂಬುದನ್ನು ಬಚ್ಚಿಡುವುದಿಲ್ಲ.

ಜ್ಯೋತಿಲಕ್ಷ್ಮಿಯ ನಗು ಹಾರಿಹೋಯಿತು. ಅವಳು ನರ್ಸು. "ಚಟ್ನಿಯಾಗೆ ಸ್ಕ್ರೂ ಬಂದು ಅಮ್ಮನ ಗಂಟ್ಲಿಗೆ ಸಿಕ್ಕಿದ್ರೆ ಏನ್ರೀ ಗತಿ? ನೀವೇ ಕೆಡಿಸಿ, ನೀವೇ ಸರಿ ಮಾಡಿ, ಅದನ್ನ ರಿಪೇರಿ ಅಂತಾರೇನು? ಸಾಕಾತು ನನಗೆ." ಡಬ್ಬಿಯನ್ನು ಎತ್ತಿಕೊಂಡು ಹೋಗಿ ಗೇಟಿನ ಹತ್ತಿರ ಗುಜರಿಯವನಿಗೆಂದು ಇಟ್ಟಿದ್ದ ಗೋಣಿಚೀಲದ ಪಕ್ಕ ಇಟ್ಟಳು. ಕೆಂಚೇಶ್ ಒಂದು ಚೊಂಬು ನೀರು ಕುಡಿದು ಬಸ್ಸು ತೊಳೆಯಲು ಹೋದ.

ಬುಧವಾರ ಬೆಳಗ್ಗೆ ಪೂಜೆಗೆ ನನ್ನನ್ನೂ ಕರೆದಿದ್ದರು. ನಡುಮನೆಯಲ್ಲಿ ಮಣೆಯ ಮೇಲೆ ಉಡಚಮ್ಮನ ಹಳೆಯ ಮೆಟ್ಟುಗತ್ತಿ, ಕಂಡಕ್ಟರ್ ಬ್ಯಾಗು, ಸೀಟಿ, ಜ್ಯೋತಿಲಕ್ಷ್ಮಿಯ ಬಿಪಿ ನೋಡುವ ಮಿಷಿನ್, ಮಿಕ್ಸಿ ಎಲ್ಲವೂ ಇದ್ದವು. ಎಲ್ಲಕ್ಕೂ ವಿಭೂತಿ, ಕುಂಕುಮ, ಸೇವಂತಿಗೆ. ಕೆಂಚೇಶ್ ಒಗೆದ ಅಂಗಿ ಹಾಕಿಕೊಂಡು ಗಡಿಯಾರದ ಕೆಳಗೆ ನಿಂತಿದ್ದ. ಅವನ ಕಣ್ಣು ಆಗಾಗ ಗೇಟಿನ ಕಡೆ ಹೋಗುತ್ತಿತ್ತು.

ಜ್ಯೋತಿಲಕ್ಷ್ಮಿ ಆರತಿ ಹಚ್ಚಬೇಕೆನ್ನುವಾಗ ಉಡಚಮ್ಮ ಎದ್ದು ಹೊರಗೆ ಹೋದರು. ಬರುವಾಗ ಆ ಕಬ್ಬಿಣದ ಡಬ್ಬಿಯನ್ನು ಸೊಂಟಕ್ಕೆ ಆನಿಸಿಕೊಂಡು ಬಂದರು. ಮೆಟ್ಟುಗತ್ತಿಯನ್ನು ಸ್ವಲ್ಪ ಸರಿಸಿ ಅದರ ಪಕ್ಕದಲ್ಲೇ ಡಬ್ಬಿಯನ್ನಿಟ್ಟರು. ಮೂರು ಬೆರಳಲ್ಲಿ ವಿಭೂತಿ ಎಳೆದು, ಕುಂಕುಮವಿಟ್ಟು, ಮಿಕ್ಸಿಯ ಮೇಲಿನ ದೊಡ್ಡ ಹೂವನ್ನು ತೆಗೆದು ಅದರ ಮೇಲಿಟ್ಟರು.

"ಅಮ್ಮ, ಅದನ್ಯಾಕೆ ತಂದೆ?" ಎಂದಳು ಮಗಳು.

ಉಡಚಮ್ಮ ಸೊಂಟದಿಂದ ಸಂಚಿ ಬಿಚ್ಚಿದರು. ಅದನ್ನು ಮಗಳ ಕೈಗೆ ಕೊಟ್ಟರು. ಮಗಳು ಬಿಚ್ಚಿ ನೋಡಿದಳು, ಎಲೆಯ ಕೆಳಗೆ ಒಂದು ಪೊಟ್ಟಣ ಅಡಿಕೆ ಪುಡಿಯಿತ್ತು. ಆಮೇಲೆ ಉಡಚಮ್ಮ ಬಾಗಿಲ ಕಡೆ ನೋಡಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನಾಲ್ಕು ಹೆಜ್ಜೆ ನಡೆದು ಗಡಿಯಾರದ ಕೆಳಗೆ, ಅಳಿಯನ ಎದುರಿಗೇ ಹೋಗಿ ನಿಂತರು.

"ಕೆಂಚೇಶಪ್ಪ" ಎಂದರು.

ಹನ್ನೆರಡು ವರ್ಷದಲ್ಲಿ ಆ ಹೆಸರನ್ನು ಅವರ ಬಾಯಿಂದ ನಾನು ಕೇಳಿರಲಿಲ್ಲ. ಜ್ಯೋತಿಲಕ್ಷ್ಮಿ ಹದಿನೆಂಟು ವರ್ಷದಲ್ಲಿ ಕೇಳಿರಲಿಲ್ಲ. ಅವಳ ಕೈಯ ಬೆಂಕಿಕಡ್ಡಿ ಉರಿದು ಬೆರಳಿಗೆ ತಾಗಿತು.

"ನಿನ್ನೆ ನೀವು ಸುಳ್ಳು ಹೇಳಿದ್ರಿ. ಒಳಗಿದ್ದಿದ್ದು ಸ್ಕ್ರೂ ಅಲ್ಲ. ನಾನು ಅಡಿಕೆ ಹಾಕಿದ್ದೆ. ಹಲ್ಲಿಲ್ಲ, ಕುಟ್ಟಾಣಿ ಇಲ್ಲ, ಚಪಲ ಬಿಡಾಕೆ ಆಗ್ಲಿಲ್ಲ. ಕೆಡಿಸಿದೋಳು ನಾನು. ಸರಿ ಮಾಡಿದೋರು ನೀವು."

"ಅಡಿಕೆ ಎಲ್ಲಿಂದ ಬಂತು ನಿನಗೆ?" ಎಂದಳು ಜ್ಯೋತಿಲಕ್ಷ್ಮಿ.

"ಟೀಚರಮ್ಮನ್ನ ಏನೂ ಅನಬ್ಯಾಡ. ಅವ್ರು ದೇವ್ರಿಗೆ ಅಂತ ತಿಳ್ಕೊಂಡು ಕೊಟ್ಟಿದ್ದು."

ಹೊಸ್ತಿಲ ಹತ್ತಿರ ಇಟ್ಟಿದ್ದ ಬೂದುಗುಂಬಳವನ್ನು ನಾನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

ಉಡಚಮ್ಮ ಅಳಿಯನ ಮುಖದಿಂದ ಕಣ್ಣು ತೆಗೆಯಲಿಲ್ಲ. "ಇನ್ನು ಮೇಲೆ ಅಡಿಕೆ ಮುಟ್ಟಲ್ಲ. ಈ ಸಲ ಆಣೆ ಇಲ್ಲ, ನಿಮಗೆ ಹೇಳ್ತಿರೋ ಮಾತು. ಡಬ್ಬಿ ಎಲ್ಲಿಗೂ ಹೋಗಲ್ಲ. ಇದು ನಿಮ್ಮ ಮನೆ. ಮುರಿದ್ರೂ ನೀವೇ ಮುರೀರಿ, ಸರಿ ಮಾಡಿದ್ರೂ ನೀವೇ ಮಾಡ್ರಿ."

ಕೆಂಚೇಶ್ ಬಾಯಿ ತೆರೆದ. ದಿನಕ್ಕೆ ಮುನ್ನೂರು ಜನರ ಹತ್ತಿರ ಮಾತಾಡುವ ಮನುಷ್ಯನಿಗೆ ಒಂದು ಶಬ್ದವೂ ಹೊರಡಲಿಲ್ಲ. ಗಡಿಯಾರ ತಲೆಯ ಮೇಲಿತ್ತು, ಅದರ ಕಡೆ ತಿರುಗಲು ಆಗುತ್ತಿರಲಿಲ್ಲ. ಕೊನೆಗೆ ಮಣೆಯ ಮೇಲಿದ್ದ ಮಿಕ್ಸಿಯ ಕಡೆ ನೋಡಿಕೊಂಡು, "ಆಯ್ತು ಅಂತ ಹೇಳು" ಎಂದ.

"ಮಿಕ್ಸಿಗೆ ಯಾಕೆ ಹೇಳ್ತೀರಿ" ಎಂದರು ಉಡಚಮ್ಮ. "ನಾನು ಇಲ್ಲೇ ಇದೀನಲ್ಲ."